ಒತ್ತು ಬಿದ್ದುಹೋದ ಹೆಸರುಗಳು

ಮೊನ್ನೆ ಮಾಳಿಗೆಯ ಮೇಲೆ ಅಕ್ಕಿ ಸಂಡಿಗೆ ಒಣಗಹಾಕಿದ್ದೆ. ಕಾಗೆ ಬಾರದಿರಲೆಂದು ಸೊಸೆ ಅಲ್ಮೇರಾದಲ್ಲಿದ್ದ ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ಬಟ್ಟೆ ತಂತಿಗೆ ಕಟ್ಟಿದ್ದಳು. ಗಾಳಿಗೆ ಒಂದು ತಿರುಗಿ ಬಿಸಿಲನ್ನು ನೇರ ನನ್ನ ಕಣ್ಣಿಗೇ ಹೊಡೆಯಿತು. ಹಿಡಿದು ನೋಡಿದರೆ ಅದರ ಬೆನ್ನ ಮೇಲೆ ನೀಲಿ ಮಾರ್ಕರ್‌ನಲ್ಲಿ ದುಂಡಗೆ ಬರೆದ ಎರಡು ಅಕ್ಷರ: 'ಬ್ಯಾಡ'. ಕಾಗೆಗೆ ಹೇಳಿದ ಹಾಗೇ ಇತ್ತು. ಆದರೆ ಅದು ಕಾಗೆಗೆ ಬರೆದದ್ದಲ್ಲ, ನನಗೆ ಬರೆದದ್ದು. ಸಂಡಿಗೆಯನ್ನು ಅಲ್ಲೇ ಬಿಟ್ಟು ನೀರಿನ ತೊಟ್ಟಿಯ ನೆರಳಿಗೆ ಹೋಗಿ ಕೂತೆ. ನೀವೂ ಸ್ವಲ್ಪ ಹೊತ್ತು ಕೂರುವುದಾದರೆ ಹೇಳುತ್ತೇನೆ.

ಕೊಳ್ಳೇಗಾಲದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎಂಬತ್ತರ ದಶಕದಲ್ಲಿ ಶುರುಮಾಡಿದ್ದು. ಕೆಳಗಡೆ ಮನೆ ಮಾಲೀಕರ ಎರಡು ಕೈಮಗ್ಗ, ಮೇಲೆ ನನ್ನ ಆರು ಟೈಪ್‌ರೈಟರ್. ಅವರ ಸದ್ದು ನಮಗೆ, ನಮ್ಮ ಸದ್ದು ಅವರಿಗೆ. ಮಾಲೀಕರ ಹೆಂಡತಿ ಒಳಗೆ ತೆಲುಗು, ಮೆಟ್ಟಿಲ ಮೇಲೆ ಕನ್ನಡ ಮಾತಾಡುತ್ತಿದ್ದರು. "ನೀವು ರಜ ಕೊಟ್ರೆ ನಮ್ ಯಜಮಾನ್ರಿಗೆ ಕೈಯೇ ಓಡಲ್ಲ ಕಣಕ್ಕ" ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಟೈಪ್‌ರೈಟರ್‌ಗಳನ್ನು ಗೋಡೆಗೆ ಒತ್ತರಿಸಿ ಮೂರು ಕಂಪ್ಯೂಟರ್ ತಂದಿಟ್ಟೆ. ಬೋರ್ಡಿನಲ್ಲಿ 'ಟೈಪಿಂಗ್' ಇದ್ದ ಕಡೆ 'ಕಂಪ್ಯೂಟರ್' ಎಂದು ಬಣ್ಣ ಬಳಿಸಿದೆ. ನನಗೆ ಆ ಯಂತ್ರದ ಬಗ್ಗೆ ಗೊತ್ತಿದ್ದದ್ದೂ ಹೆಚ್ಚುಕಡಿಮೆ ಆ ಬಣ್ಣದಷ್ಟೇ ದಪ್ಪ.

ಕನ್ನಡ ಬರೆಯಲು ಅದರಲ್ಲಿ ಏನೂ ನೆಟ್ಟಗಿರಲಿಲ್ಲ. ಹುಡುಕುತ್ತ ಹೋದಾಗ ಒಂದು ಗುಂಪು ಸಿಕ್ಕಿತು. ಎಲ್ಲರೂ ಸಂಬಳವಿಲ್ಲದೆ, ಬಿಡುವಿದ್ದಾಗ, ಊರೂರುಗಳಲ್ಲಿ ಕೂತು ಕನ್ನಡದ ಬರವಣಿಗೆಗೆ ಒಂದು ತಂತ್ರಾಂಶ ಮಾಡುತ್ತಿದ್ದರು. ಅದು ಯಾರ ಸ್ವತ್ತೂ ಅಲ್ಲ. ಬೇಕಾದವರು ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಒಬ್ಬರು ಬರೆದ ಇ-ಮೇಲ್ ಎಲ್ಲರಿಗೂ ಹೋಗುತ್ತಿತ್ತು. ನಾನು ಬಳಸಿ ನೋಡಿ, ದೀರ್ಘ ಬರುತ್ತಿಲ್ಲ, ಅರ್ಕಾವತ್ತು ಮುಂದಿನ ಅಕ್ಷರಕ್ಕೆ ಹಾರುತ್ತಿದೆ, ಎಂದು ಒಂದಾದ ಮೇಲೊಂದು ದೂರು ಬರೆದೆ. ನಮ್ಮಲ್ಲಿ ದೂರು ಹೇಳಿದವಳ ಕೊರಳಿಗೇ ಗಂಟೆ ಕಟ್ಟುವುದು ವಾಡಿಕೆ. ಗುಂಪನ್ನು ನಡೆಸುತ್ತಿದ್ದ ಪುಣೆಯ ಶ್ರೀಧರ್, ನಾನು ಒಮ್ಮೆಯೂ ಮುಖ ನೋಡದ ಮನುಷ್ಯ, ಬರೆದರು: 'ಮೇಡಂ, ಇನ್ನು ಮೇಲೆ ಪ್ರತಿ ಬಿಡುಗಡೆಗೂ ಮುಂಚೆ ಪರೀಕ್ಷೆ ಮಾಡಿಸುವ ಜವಾಬ್ದಾರಿ ನಿಮ್ಮದು. ನೀವು ಸರಿ ಎಂದರೆ ಬಿಡುತ್ತೇವೆ, ಬೇಡ ಎಂದರೆ ತಡೆಯುತ್ತೇವೆ.' ಓದಿ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಮೇಲೆ ನಿಂತ ಕಾಲು ಮತ್ತೆ ಏಳಲೇ ಇಲ್ಲ.

ಕೆಲಸ ಹೀಗೆ. ಹೊಸ ಆವೃತ್ತಿ ತಯಾರಾದಾಗ ಶ್ರೀಧರ್ ಅದನ್ನು ಸಿ.ಡಿ.ಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ನಮ್ಮ ಫೋನ್ ಲೈನಿನಲ್ಲಿ ಅಷ್ಟು ದೊಡ್ಡದು ಇಳಿಯುತ್ತಿರಲಿಲ್ಲ. ನಾನು ನೋಟ್‌ಬುಕ್‌ನಲ್ಲಿ ಪಟ್ಟಿ ಮಾಡಿಕೊಂಡಿದ್ದೆ: ಹಾಕಿಕೊಳ್ಳುತ್ತದೆಯೇ, ತೆಗೆದರೆ ಹೋಗುತ್ತದೆಯೇ, ಹಳೆಯ ಆವೃತ್ತಿಯ ಬರಹ ತೆರೆಯುತ್ತದೆಯೇ, ಪ್ರಿಂಟ್‌ನಲ್ಲಿ ಒತ್ತಕ್ಷರ ನಿಲ್ಲುತ್ತದೆಯೇ. ಪಟ್ಟಿಯನ್ನು ಪರೀಕ್ಷೆಗೆ ಹೆಸರು ಕೊಟ್ಟವರಿಗೆಲ್ಲ ಹಂಚುತ್ತಿದ್ದೆ. ಹೆಸರು ಕೊಡುವವರು ಬಹಳ. ಒಂದು ವಾರ ಬಿಟ್ಟು ನೆನಪಿಸುತ್ತಿದ್ದೆ. ಇನ್ನೊಂದು ವಾರ ಬಿಟ್ಟು, ತಪ್ಪು ನನ್ನದೇ ಎಂಬಂತೆ, ಮತ್ತೆ ನೆನಪಿಸುತ್ತಿದ್ದೆ. ಕೊನೆಗೆ ಒಂದು ಪದದ ಉತ್ತರ ಬರುತ್ತಿತ್ತು: 'ಚೆನ್ನಾಗಿದೆ.' ಊಟಕ್ಕೆ ಬಂದ ನೆಂಟರು ಆ ಮಾತು ಹೇಳಿದರೆ ಸಂತೋಷ. ಪರೀಕ್ಷೆ ಮಾಡಬೇಕಾದವರು ಹೇಳಿದರೆ ಎಲೆಯನ್ನೇ ಬಿಚ್ಚಿಲ್ಲ ಎಂದು ಅರ್ಥ. ಸಿಕ್ಕಿದ ತಪ್ಪನ್ನು ಬರೆದು ತಿಳಿಸಿದರೆ, ಮಾಡಿದವರು 'ನಮ್ಮಲ್ಲಿ ಹಾಗೆ ಆಗುತ್ತಿಲ್ಲವಲ್ಲ' ಎನ್ನುತ್ತಿದ್ದರು. ತಿದ್ದಿದರೆ ಆ ತಿದ್ದಿದ್ದರಿಂದ ಇನ್ನೊಂದು ಕೆಡುತ್ತಿತ್ತು. ಪಟ್ಟಿಯನ್ನು ಮತ್ತೆ ಮೊದಲಿಂದ ಹಿಡಿಯಬೇಕು. ನಾನು ಆ ಕೆಲಸ ಮಾಡಿದ ಎರಡು ವರ್ಷದಲ್ಲಿ 'ಕಕ್ಕಾಬಿಕ್ಕಿ' ಎಂಬ ಪದವನ್ನು ಎಷ್ಟು ಸಲ ಹೊಡೆದಿದ್ದೇನೋ ದೇವರಿಗೇ ಗೊತ್ತು. ಒತ್ತು ಪರೀಕ್ಷಿಸಲು ಅದು ಒಳ್ಳೆಯ ಪದ.

ಹೀಗಿರುವಾಗ ಶಿವಮಲ್ಲಪ್ಪನವರು ಬಂದರು. ಯಳಂದೂರಿನವರು, ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟ್ ಆಗಿ ನಿವೃತ್ತರಾದವರು. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಒಂದು ಸಣ್ಣ ಬ್ರಷ್. ಕೀಲಿಗಳ ಧೂಳು ಹೊಡೆಯಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಂಪ್ಯೂಟರಿನ ಮುಂದೆ ನಿಂತು ಕೇಳಿದರು.

"ಟೀಚ್ರಮ್ಮ, ಇದ್ರಲ್ಲಿ ಕನ್ನಡ ಒಡೀಬೋದಂತೆ. ಕೈ ಸುಮ್ಕೆ ಕೂತದೆ. ನೋಡ್ಲಾ?"

ನೋಡಿ ಎಂದೆ. ಹತ್ತು ನಿಮಿಷ ಕೀಲಿಗಳ ಜಾಗ ಕಲಿತುಕೊಂಡರು. ಹನ್ನೊಂದನೆಯ ನಿಮಿಷಕ್ಕೆ ನನ್ನ ವಿದ್ಯಾರ್ಥಿಗಳು ತಮ್ಮ ಕೆಲಸ ನಿಲ್ಲಿಸಿ ಅವರ ಬೆರಳು ನೋಡುತ್ತಿದ್ದರು. ಅಂದಿನಿಂದ ಅವರು ನನ್ನ ಪರೀಕ್ಷಕರಾದರು. ಯಳಂದೂರಿನಲ್ಲಿ ಅವರ ತಂಗಿಯ ಮಗ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದ. ಅಲ್ಲೊಂದು ಕಂಪ್ಯೂಟರ್ ಇತ್ತು. ನಾನು ಸಿ.ಡಿ.ಯನ್ನು ಬಸ್ಸಿನಲ್ಲಿ ಒಯ್ದು ಕೊಟ್ಟು ಬರುತ್ತಿದ್ದೆ. ಅವರು ನೋಡಿ, ಅದರ ಬೆನ್ನ ಮೇಲೆ 'ಸರಿ' ಅಥವಾ 'ಬ್ಯಾಡ' ಎಂದು ಬರೆದು, ಜೊತೆಗೆ ಒಂದು ಹಾಳೆಯಲ್ಲಿ ಕಾರಣ ಟೈಪ್ ಮಾಡಿ ತಂದುಕೊಡುತ್ತಿದ್ದರು. 'ಚೆನ್ನಾಗಿದೆ' ಎಂದು ಒಂದು ಸಲವೂ ಹೇಳಲಿಲ್ಲ. ನನಗೆ ಅವರ ಮೇಲಿದ್ದ ಗೌರವಕ್ಕೆ ಅದೇ ಕಾರಣ. ಆಗಾಗ ಬರುತ್ತಿದ್ದ ಸಿಟ್ಟಿಗೂ ಅದೇ.

ಆ ವರ್ಷದ ದೊಡ್ಡ ಬಿಡುಗಡೆ ಎರಡು ಸಲ ಮುಂದೆ ಹೋಗಿತ್ತು. ಎರಡು ಸಲವೂ ತಡೆದವಳು ನಾನೇ. ಮೂರನೆಯ ಸಲದ ಸಿ.ಡಿ. ಹಿಡಿದು ಶಿವಮಲ್ಲಪ್ಪನವರು ಮಧ್ಯಾಹ್ನದ ಬಸ್ಸಿಗೆ ಬಂದರು. ಬೆನ್ನ ಮೇಲೆ ಅದೇ ಎರಡು ಅಕ್ಷರ.

"ಈಗೇನಾಯ್ತು ಸಾರ್?" ಎಂದೆ. ದನಿಯಲ್ಲಿ ಮರ್ಯಾದೆ ಕಡಿಮೆಯಿತ್ತು.

"ನಿನ್ನೆ ಒಡ್ದು ಉಳ್ಸಿ ಮುಚ್ದೆ. ಬೆಳಿಗ್ಗೆ ತಗುದ್ರೆ ನನ್ ಎಸ್ರು ಶಿವಮಲಪ ಅಂತ ಅದೆ. ಒತ್ತೆಲ್ಲ ಉದ್ರೋಗವೆ."

"ಎಲ್ಲ ಒತ್ತೂನಾ?"

"ಇಲ್ಲ. 'ಭಕ್ತ' ಸರಿಯಾಗೇ ಅದೆ. ಅದೇ ಅಕ್ಷರಕ್ಕೆ ಅದೇ ಒತ್ತು ಬಂದಿದ್ರೆ ಮಾತ್ರ ಓಯ್ತದೆ. ಅಮ್ಮ ಅನ್ನದು ಅಮ ಆಯ್ತದೆ."

ಅಲ್ಲಿಯೇ ನನ್ನ ಕಂಪ್ಯೂಟರಿನಲ್ಲಿ ಅರ್ಧ ಪುಟ ಹೊಡೆದು, ಉಳಿಸಿ, ಮುಚ್ಚಿ, ತೆರೆದು ತೋರಿಸಿದೆ. ಅಮ್ಮ ಅಮ್ಮನಾಗಿಯೇ ಇದ್ದಳು.

"ಅಷ್ಟಕ್ಕೆ ಆಗಲ್ಲ ಟೀಚ್ರಮ್ಮ. ನಾನೂ ಮೂರು ನಾಕು ಪುಟಕ್ಕೆ ನೋಡ್ದೆ, ಆಗ್ಲಿಲ್ಲ. ಹತ್ ಪುಟ ದಾಟ್ಬೇಕು ಅನ್ಸತದೆ. ನೀವೊಂದ್ಸಲ ಹತ್ ಪುಟ ಒಡ್ದು ನೋಡಿ. ಅಲ್ಲೀಗಂಟ ಬಿಡ್ಬ್ಯಾಡಿ."

ಗುಂಪಿಗೆ ಬರೆದೆ. ಐದಾರು ಜನ ಪ್ರಯತ್ನಿಸಿದರು, ಯಾರಿಗೂ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು: ಅವರೆಲ್ಲ ಕನ್ನಡದಲ್ಲಿ ಎರಡು ಸಾಲು ಹೊಡೆದು ನೋಡುವವರು. ಹತ್ತು ಪುಟ ಕನ್ನಡ ಒಂದೇ ಉಸಿರಿಗೆ ಹೊಡೆಯುವ ಮನುಷ್ಯ ಆ ಗುಂಪಿನಲ್ಲಿ ಒಬ್ಬರೇ ಇದ್ದದ್ದು, ಅವರು ಯಳಂದೂರಿನ ಜೆರಾಕ್ಸ್ ಅಂಗಡಿಯಲ್ಲಿದ್ದರು. ಶ್ರೀಧರ್ ಬಹಳ ಮೆತ್ತಗೆ ಬರೆದರು. 'ಒತ್ತಾಯವಿಲ್ಲ ಮೇಡಂ. ಆದರೆ ಹುಡುಗರಿಗೆ ಉತ್ಸಾಹ ಹೋಗುತ್ತಿದೆ. ಶಾಲೆಗಳವರು ಕೇಳುತ್ತಿದ್ದಾರೆ. ನೀವು ಹತ್ತು ಪುಟ ನೋಡಿ ಸರಿ ಎಂದುಬಿಟ್ಟರೆ ಸೋಮವಾರ ಬಿಡೋಣ.'

ಭಾನುವಾರ ಬೆಳಿಗ್ಗೆ ಕೂತೆ. ಒಂದು ಪುಟ ಹೊಡೆದೆ, ಎರಡಾಯಿತು, ಮೂರಾಯಿತು. ಕೆಳಗೆ ಮಗ್ಗ ಒಂದೇ ಸಮ ಬಡಿಯುತ್ತಿತ್ತು. ಇಲ್ಲಿ ನಿಮಗೊಂದು ನೆಪ ಹೇಳಬೇಕೆಂದು ಬಹಳ ಹುಡುಕಿದ್ದೇನೆ. ಕರೆಂಟು ಹೋಯಿತು ಎನ್ನಬಹುದಿತ್ತು, ಹೋಗಿರಲಿಲ್ಲ. ನನಗೆ ಜ್ವರವಿರಲಿಲ್ಲ. ಮನೆಯಲ್ಲಿ ಯಾರೂ ಕಾಯಿಲೆ ಮಲಗಿರಲಿಲ್ಲ. ಸಾಕಾಗಿತ್ತು, ಅಷ್ಟೆ. ಎರಡು ವರ್ಷ ಎಲ್ಲರಿಗೂ ಬೇಡ, ಬೇಡ, ತಡೆಯಿರಿ ಎಂದು ಹೇಳಿ ಹೇಳಿ, ಒಂದು ಸಲ ಹೂಂ ಎನ್ನಬೇಕೆನಿಸಿತ್ತು. ಉಳಿಸಿ, ಮುಚ್ಚಿ, ತೆರೆದೆ. ಸರಿಯಾಗಿತ್ತು. ಗುಂಪಿಗೆ ಬರೆದೆ: 'ಹತ್ತು ಪುಟ ನೋಡಿದೆ. ತೊಂದರೆ ಕಾಣಲಿಲ್ಲ. ಬಿಡಬಹುದು.' ಆಮೇಲೆ ಕೆಳಗಿಳಿದು ಹೋಗಿ ಮಾಲೀಕರ ಹೆಂಡತಿ ಕೊಟ್ಟ ಕಾಫಿ ಕುಡಿದೆ. ಕಾಫಿ ಚೆನ್ನಾಗಿತ್ತು ಎಂಬುದೂ ನೆನಪಿದೆ.

ಬಿಡುಗಡೆಯಾಯಿತು. ಅಭಿನಂದನೆಗಳು ಹರಿದಾಡಿದವು; ನನ್ನ ಹೆಸರನ್ನೂ ಸೇರಿಸಿದ್ದರು. ಶಿವಮಲ್ಲಪ್ಪನವರಿಗೆ ಫೋನಿನಲ್ಲಿ ಹೇಳಿದಾಗ ಅವರು "ನೋಡುದ್ರಾ? ಆಗ್ಲಿ ಬುಡಿ" ಎಂದರು. ಸುತ್ತಮುತ್ತಲ ಕೆಲವು ಶಾಲೆಗಳಿಗೆ ನಾನೇ ಸಿ.ಡಿ. ಹಂಚಿದೆ.

ಮೂರು ತಿಂಗಳಾಗಿರಬೇಕು. ಹನೂರಿನಾಚೆ, ಕಾಡಿನಂಚಿನ ಲೊಕ್ಕನಹಳ್ಳಿಯಿಂದ ರತ್ನಮ್ಮ ಎಂಬ ಟೀಚರ್ ನಮ್ಮ ಮೆಟ್ಟಿಲು ಹತ್ತಿ ಬಂದರು. ನನ್ನ ಹಳೆಯ ವಿದ್ಯಾರ್ಥಿನಿ. ಊರಿನ ಹಳೆಯ ಶಾಲಾ ದಾಖಲಾತಿ ಪುಸ್ತಕವನ್ನು ಗೆದ್ದಲು ತಿನ್ನುತ್ತಿತ್ತಂತೆ. ಯಾರು ಯಾವಾಗ ಹುಟ್ಟಿದ್ದೆಂದು ಹೇಳಲು ಆ ಊರಿನ ಎಷ್ಟೋ ಮುದುಕರಿಗೆ ಇದ್ದದ್ದು ಅದೊಂದೇ ಕಾಗದ. ಶಾಲೆಗೆ ಯಾರೋ ದಾನ ಕೊಟ್ಟ ಕಂಪ್ಯೂಟರಿನಲ್ಲಿ ರಜೆಯೆಲ್ಲ ಕೂತು ಅವರು ಅದನ್ನು ನಮ್ಮ ತಂತ್ರಾಂಶದಲ್ಲಿ ನಕಲು ಮಾಡಿದ್ದರು. ಮಗುಚಿದಂತೆಲ್ಲ ಹಾಳೆ ಪುಡಿಯಾಗುತ್ತಿತ್ತಂತೆ. ಬೇಗ ಮುಗಿಸಬೇಕೆಂದು ದಿನದಿನವೂ ಹೊಡೆದು ಉಳಿಸುತ್ತ ಹೋದರಂತೆ, ಮುಂದಿನ ಪುಟ ನೋಡಿದರೇ ಹೊರತು ಹಿಂದಿನದನ್ನು ತಿರುಗಿ ನೋಡಲಿಲ್ಲವಂತೆ.

"ಮಿಸ್, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಪ್ರಿಂಟು ತೆಗೆದ ಹಾಳೆಗಳನ್ನು ನನ್ನ ಮುಂದೆ ಇಟ್ಟರು.

ಪುಟಮ. ಸಿದಯ. ಚಿಕಮ. ಮಲಪ. ಪುಟ ಪುಟವೂ ಹೀಗೆಯೇ. ಕಾಲು ಮುರಿದುಕೊಂಡ ಊರೊಂದು ನನ್ನ ಮೇಜಿನ ಮೇಲೆ ಬಂದು ಕೂತಂತಿತ್ತು.

ನೀವು ಏನೂ ತಪ್ಪು ಮಾಡಿಲ್ಲ ಎಂದೆ. ಯಾರು ಮಾಡಿದ್ದೆಂದು ಹೇಳಲಿಲ್ಲ. ಅಂದೇ ಗುಂಪಿಗೆ ಬರೆದು ಆ ಆವೃತ್ತಿಯನ್ನು ವಾಪಸು ತೆಗೆಸಿದೆ. ತಂತ್ರಾಂಶ ಬರೆದವರು ಹುಡುಕಿ ಎರಡೇ ದಿನದಲ್ಲಿ ತಪ್ಪನ್ನು ಹಿಡಿದರು: ಬರಹ ಒಂದು ಅಳತೆ ಮೀರಿದರೆ, ಉಳಿಸುವಾಗ ತಂತ್ರಾಂಶವು ಅದೇ ಅಕ್ಷರ ತಪ್ಪಿ ಎರಡು ಸಲ ಬಂದಿದೆ ಎಂದು ತಿಳಿದು ಎರಡನೆಯದನ್ನು ಅಳಿಸುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ತಿದ್ದಿಕೊಟ್ಟರು. ಅಳಿಸಿಹೋದದ್ದನ್ನು ಯಂತ್ರದಿಂದ ವಾಪಸು ತರಲು ಆಗುವುದಿಲ್ಲ ಎಂದರು.

ಶಿವಮಲ್ಲಪ್ಪನವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. 'ನಾನು ಹೇಳಿರಲಿಲ್ಲವೇ' ಎಂಬ ಮಾತಿಗೆ ಬೆನ್ನು ಬಗ್ಗಿಸಿ ಕಾಯುತ್ತಿದ್ದೆ. "ಯಾವಾಗ ಓಗದು?" ಎಂದಷ್ಟೇ ಕೇಳಿದರು.

ಮಧುವನಹಳ್ಳಿ ದಾಟಿ ಹನೂರಿಗೆ, ಅಲ್ಲಿಂದ ಬಸ್ಸು ಬದಲಿಸಿ ಲೊಕ್ಕನಹಳ್ಳಿಗೆ. ಮೂರು ದಿನ ಹೋಗಿ ಬಂದೆವು. ಹಳೆಯ ಪುಸ್ತಕದಲ್ಲಿ ಓದಲಾಗುವಷ್ಟು ಹಾಳೆಗಳನ್ನು ಮೊದಲು ಹೋಲಿಸಿದೆವು. ಪುಡಿಯಾದ ಹಾಳೆಗಳ ಹೆಸರಿಗೆ ಊರಿನವರನ್ನೇ ಕೇಳಬೇಕಾಯಿತು. ರತ್ನಮ್ಮ ಶಾಲೆಯ ಜಗಲಿಗೆ ಎಲ್ಲರನ್ನೂ ಕರೆಸಿದರು. ರಾತ್ರಿಯೆಲ್ಲ ಹೊಲದಲ್ಲಿ ಆನೆ ಕಾದು ಕೆಂಪು ಕಣ್ಣು ಮಾಡಿಕೊಂಡಿದ್ದ ಗಂಡಸರು ಕಂಬಕ್ಕೊರಗಿ ತೂಕಡಿಸುತ್ತ ತಮ್ಮ ಸರದಿಗೆ ಕಾದರು. ನಾನು ಓದುವುದು, ಅವರು ಹೇಳುವುದು, ಶಿವಮಲ್ಲಪ್ಪ ಹೊಡೆಯುವುದು.

"ಪುಟಮ, ತಂದೆ ಮಾದ" ಎಂದು ಓದಿದೆ.

ಒಬ್ಬ ಅಜ್ಜಿ ಮುಂದೆ ಬಂದು ಕೂತರು. "ನಾನು ಪುಟ್ಟಮ್ಮ ಕಣವ್ವ. ಪುಟಮ ಅಂತ ಕರುದ್ರೆ ನಮ್ಮಟ್ಟಿ ನಾಯೂ ತಿರ್ಗಿ ನೋಡಲ್ಲ."

ಜಗಲಿ ನಕ್ಕಿತು. ನಾನೂ ನಕ್ಕೆ, ಬೇರೆಯವರಿಗಿಂತ ತುಸು ತಡವಾಗಿ.

ಹೆಚ್ಚಿನವು ಹೀಗೆ ಸುಲಭವಾಗಿ ಕೂಡಿಕೊಂಡವು. ಚಿಕಮ ಚಿಕ್ಕಮ್ಮನಲ್ಲದೆ ಇನ್ಯಾರು ಆದಾರು? ಒಂದು ಸಾಲಿನಲ್ಲಿ ಮಾತ್ರ ನಿಂತುಬಿಟ್ಟೆವು. 'ಬಸವ, ತಂದೆ ಕೆಂಪ.' ಕೆಂಪನಿಗೆ ಬಸವ ಎಂಬ ಮಗನಿದ್ದ. ಬಸವ್ವ ಎಂಬ ಮಗಳೂ ಇದ್ದಳು. ಇಬ್ಬರೂ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಸಾಲು ಇದ್ದ ಹಾಳೆ ಗೆದ್ದಲಿನ ಹೊಟ್ಟೆಯಲ್ಲಿತ್ತು.

"ಬಸವನೇ. ಕೆಂಪ ಎಲ್ಲಿ ಎಣ್ಣೈಕಳ ಕಳಿಸ್ತಿದ್ದ ಇಸ್ಕೂಲ್ಗೆ?" ಎಂದರು ಒಬ್ಬ ಹಿರಿಯರು.

"ಬಸವ್ವ ಓಯ್ತಿದ್ಲು" ಎಂದರು ಪುಟ್ಟಮ್ಮಜ್ಜಿ. "ನಂಜೊತೇಲೇ ಬತ್ತಿದ್ಲು. ಒಂದೇ ಸ್ಲೇಟು, ನಾನೊಂದ್ ಮಗ್ಗುಲು ಬರ್ದ್ರೆ ಅವ್ಳೊಂದ್ ಮಗ್ಗುಲು."

"ಬತ್ತಿದ್ಲು ಸರಿ ಕಣಮ್ಮಿ, ಎಸ್ರು ಬರ್ಸಿದ್ರಾ? ನೀ ಕಂಡಿದ್ಯಾ?"

ಬರೆಸಿದ್ದನ್ನು ಅಜ್ಜಿ ಹೇಗೆ ಕಂಡಾರು? ಶಿವಮಲ್ಲಪ್ಪ ಬೆರಳು ಎತ್ತಿ ಹಿಡಿದು ನನ್ನ ಮುಖ ನೋಡಿದರು. ರತ್ನಮ್ಮನ ಮುಖ ನೋಡಿದೆ. ಅವರು ತಾವು ಹೊಡೆದದ್ದು ನೆನಪಿಲ್ಲ ಎಂದು ತಲೆಯಾಡಿಸಿದರು. ಒಬ್ಬ ಹುಡುಗಿ ಶಾಲೆಗೆ ಹೋಗಿದ್ದಳೋ ಇಲ್ಲವೋ ಎಂಬುದು ಒಂದು ವಕಾರದ ಒತ್ತಿನ ಮೇಲೆ ನಿಂತಿತ್ತು, ಆ ಒತ್ತು ಇತ್ತೋ ಇಲ್ಲವೋ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಕೊನೆಗೆ 'ಬಸವ ಅಥವಾ ಬಸವ್ವ' ಎಂದು ಹೊಡೆಸಿದೆವು. ಅಜ್ಜಿ ಎದ್ದು ಸೀರೆ ಕೊಡವಿಕೊಂಡು, ಯಾರನ್ನೂ ನೋಡದೆ, "ಬತ್ತಿದ್ಲು" ಎಂದು ಇನ್ನೊಮ್ಮೆ ಹೇಳಿ ಹೊರಟುಹೋದರು.

ಆ ಸಂಜೆ ಹನೂರಿನಿಂದ ಹೊರಟ ಬಸ್ಸಿನಲ್ಲಿ ಶಿವಮಲ್ಲಪ್ಪನವರ ಪಕ್ಕ ಕೂತಿದ್ದೆ. ಎದುರು ಸೀಟಿನಲ್ಲಿ ಸಂತೆ ಮುಗಿಸಿದವರ ಮೂಟೆಗಳು. ಬಸ್ಸು ಕುಲುಕಿದಾಗ ಮಾತು ತಾನಾಗಿ ಹೊರಗೆ ಬಿತ್ತು.

"ಸಾರ್, ನಾನು ಹತ್ತು ಪುಟ ಹೊಡೀಲಿಲ್ಲ. ಮೂರೇ ಹೊಡೆದದ್ದು. ಹತ್ತು ಅಂತ ಬರೆದೆ."

ಅವರು ಕಿಟಕಿಯ ಆಚೆ ನೋಡುತ್ತಲೇ ಇದ್ದರು.

"ಗೊತ್ತಿತ್ತು" ಎಂದರು.

"ಗೊತ್ತಿತ್ತಾ?"

"ಹತ್ ಪುಟ ಒಡ್ದಿದ್ರೆ ಕಾಣ್ತಿತ್ತು. ಕಾಣ್ಲಿಲ್ಲ ಅಂದ್ರಿ. ಅಂದ್ಮೇಲೆ ಒಡ್ದಿಲ್ಲ ಅಂತ್ಲೇ ಅಲ್ವಾ."

"ಮತ್ತೆ ಆವತ್ತೇ ಯಾಕೆ ಕೇಳಲಿಲ್ಲ?"

ಅವರು ಜೇಬಿನ ಬ್ರಷ್ ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟರು.

"ಕೇಳಿದ್ರೆ ನೀವು ಇನ್ನೊಂದು ಸಿ.ಡಿ. ತಂದ್ಕೊಡ್ತಿದ್ರಿ ಟೀಚ್ರಮ್ಮ. ನಾನು ಮತ್ತೆ ಮೊದ್ಲಿಂದ ಕೂರ್ಬೇಕಿತ್ತು. ನಂಗೂ ಸಾಕಾಗಿತ್ತು."

ಒಂದೇ ತೂಕವನ್ನು ಎರಡು ಕೈ ಬೇರೆ ಬೇರೆ ಹೊತ್ತುಕೊಂಡು ಬಂದು, ಅದು ಒಂದೇ ಎಂದು ಈಗ ಗೊತ್ತಾದಂತಿತ್ತು. ಕೊಳ್ಳೇಗಾಲದ ಬಸ್ಟ್ಯಾಂಡಿನಲ್ಲಿ ಅವರು ಯಳಂದೂರಿನ ಬಸ್ಸು ಹತ್ತಿದರು. ಹತ್ತುವಾಗ, "ಬಸವ್ವಂದು ಮನ್ಸಿಗೆ ಬತ್ತದೆ" ಎಂದರು.

ಮರುದಿನ ಗುಂಪಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ, ಸಂಬಳವಿಲ್ಲದ ಕೆಲಸದಲ್ಲಿ ಬೈಯುವುದಕ್ಕೂ ಯಾರಿಗೂ ಪುರುಸೊತ್ತಿರುವುದಿಲ್ಲ. ಶ್ರೀಧರ್ ಮಾತ್ರ ಬರೆದರು: 'ಮೇಡಂ, ತಪ್ಪು ನಿಮ್ಮೊಬ್ಬರದಲ್ಲ. ಒಬ್ಬರೇ ಸರಿ ಎಂದರೆ ಬಿಡುವ ಪದ್ಧತಿಯನ್ನು ಮಾಡಿದವನು ನಾನು.' ಆಮೇಲೆ ಒಂದು ಬಿಡುಗಡೆಯನ್ನು ಹತ್ತು ಪುಟ ಅಲ್ಲ, ಇಪ್ಪತ್ತು ಪುಟ ಹೊಡೆದು ನೋಡಿ, ನೋಟ್‌ಬುಕ್ಕನ್ನು ಇನ್ನೊಬ್ಬರಿಗೆ ಒಪ್ಪಿಸಿದೆ. ಶಿವಮಲ್ಲಪ್ಪನವರು ಇನ್ನೂ ಕೆಲವು ವರ್ಷ ಆಗಾಗ ಬಂದು ಕೂತು ಹೋಗುತ್ತಿದ್ದರು. ಈಗ ಅವರಿಲ್ಲ. ಇನ್‌ಸ್ಟಿಟ್ಯೂಟೂ ಇಲ್ಲ.

ಮೊನ್ನೆ ಇದೆಲ್ಲ ನೆನೆಯುವ ಹೊತ್ತಿಗೆ ಮಾಳಿಗೆಯ ಮೇಲೆ ಬಿಸಿಲು ಸರಿದಿತ್ತು. ಸಂಡಿಗೆಯಲ್ಲಿ ಒಂದು ಸಾಲು ಕಾಗೆಯ ಪಾಲಾಗಿತ್ತು. ಕೆಳಗೆ ಬಂದು, ಒಂದು ವಾರದಿಂದ ಉತ್ತರಿಸದೆ ಇಟ್ಟಿದ್ದ ಮೇಲ್ ತೆರೆದೆ. ನಾನು ನೋಡಿಲ್ಲದ ಹೊಸ ಹುಡುಗಿಯರ ಗುಂಪೊಂದು ಹೊಸ ಕನ್ನಡ ಅಕ್ಷರವಿನ್ಯಾಸ ಮಾಡಿದೆ. ನೋಡಿ ಹೇಳುತ್ತೀರಾ ಎಂದು ಕೇಳಿದ್ದರು. ನಾನು ಅದನ್ನು ಸ್ವಲ್ಪ ಬಳಸಿ ನೋಡಿದ್ದೆ, ಮುಗಿಸಿರಲಿಲ್ಲ. ಮುಗಿಸದೆ ಏನು ಬರೆಯುವುದೆಂದು ಸಂಕೋಚಪಟ್ಟು ಸುಮ್ಮನಿದ್ದೆ. ಆವತ್ತು ಕೂತು ಬರೆದೆ: 'ನಾಲ್ಕು ಪುಟ ನೋಡಿದೆ. ಎರಡು ತಪ್ಪು ಸಿಕ್ಕಿವೆ, ಕೆಳಗಿವೆ. ಆಮೇಲೆ ಬೆರಳು ನೋಯಿತು, ನಿಲ್ಲಿಸಿದೆ. ಉಳಿದದ್ದನ್ನು ನಾನು ನೋಡಿಲ್ಲ.'

ಸಂಜೆಯೊಳಗೆ ಉತ್ತರ ಬಂತು. 'ಸರಿ ಅಮ್ಮ. ಐದನೆಯ ಪುಟದಿಂದ ನಾನು ನೋಡುತ್ತೇನೆ.'